ದೊಡ್ಡಪ್ಪನ ಬಲೆಯ ಕಂಡಿ

ಚನ್ನರಾಯನದುರ್ಗದ ಬೆಟ್ಟಸಾಲಿನಲ್ಲಿ ನಮ್ಮ ದೊಡ್ಡಪ್ಪನಷ್ಟು ದೊಡ್ಡ ಬೇಟೆಗಾರ ಇನ್ನೊಬ್ಬನಿರಲಿಲ್ಲ. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಅನುಮಾನವಿದ್ದವರು ಆ ಬೆಟ್ಟದ ಹಂದಿಗಳನ್ನೇ ಕೇಳಬಹುದಿತ್ತು. ಅವೆಲ್ಲ ಆರೋಗ್ಯವಾಗಿ, ಮಕ್ಕಳು ಮರಿಗಳೊಂದಿಗೆ ಅಲ್ಲೇ ಸುಖವಾಗಿದ್ದವು! ಮೊಲಗಳಂತೂ ದೊಡ್ಡಪ್ಪ ಕೋವಿ ಹೆಗಲಿಗೇರಿಸಿ ಬಂದರೆ ಓಡುವ ಶ್ರಮ ತೆಗೆದುಕೊಳ್ಳದೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ನಾನು ಕಣ್ಣಾರೆ ಕಂಡಿಲ್ಲ, ಆದರೆ ನಂಬುತ್ತೇನೆ.

ಮೊದಲಿನಿಂದ ಹೀಗಿರಲಿಲ್ಲ. ಹರೆಯದಲ್ಲಿ ದೊಡ್ಡಪ್ಪ ಕುರಿಹಟ್ಟಿಗೆ ನುಗ್ಗುತ್ತಿದ್ದ ಚಿರತೆಯೊಂದನ್ನು ಒಂದೇ ಗುಂಡಿಗೆ ಉರುಳಿಸಿದ್ದನ್ನು ನನ್ನ ಅಪ್ಪ ನೋಡಿದ್ದರು. ಪಾಳೆಯಗಾರರ ಕಾಲದಲ್ಲಿ ನಮ್ಮ ಮನೆತನದವರು ದುರ್ಗದ ಕೋಟೆ ಕಾಯುತ್ತಿದ್ದರಂತೆ. ಪಾಳೆಯಗಾರರು ಹೋದರು, ಕೋಟೆಯ ಕಲ್ಲುಗಳು ಒಂದೊಂದಾಗಿ ಇಳಿದು ಬಂದು ಜನರ ಹಿತ್ತಲ ಗೋಡೆ ಸೇರಿದವು. ನಮ್ಮ ಪಾಲಿಗೆ ಉಳಿದದ್ದು ಒಂದು ಹಳೆಯ ಕೇಪಿನ ಕೋವಿ, ಮತ್ತು ವರ್ಷತೊಡಕಿನ ಬೇಟೆಯ ಯಜಮಾನಿಕೆ.

ಯುಗಾದಿಯ ಮಾರನೆಯ ದಿನ ವರ್ಷತೊಡಕು. ಅಂದು ಏನು ನಡೆಯುತ್ತದೋ ಅದು ವರ್ಷವೆಲ್ಲ ತೊಡಕಿಕೊಳ್ಳುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಹಾಗಾಗಿ ಅಂದು ಮಕ್ಕಳಿಗೆ ಏಟಿಲ್ಲ, ಹೆಂಡತಿಗೆ ಬೈಗುಳವಿಲ್ಲ, ಗಂಡಸರೆಲ್ಲ ಬೆಟ್ಟಕ್ಕೆ ಬೇಟೆಗೆ ಹೋಗಬೇಕು. ಬೇಟೆ ಸಿಕ್ಕಿದರೆ ವರ್ಷವೆಲ್ಲ ಮಡಕೆ ತುಂಬಿರುತ್ತದೆ. ಬಲೆ ಎಲ್ಲಿ ಕಟ್ಟಬೇಕು, ನಾಯಿ ಯಾವಾಗ ಬಿಡಬೇಕು, ಯಾವುದನ್ನು ಹೊಡೆಯಬೇಕು, ಯಾವುದನ್ನು ಬಿಡಬೇಕು, ಕೊನೆಗೆ ಮಾಂಸದ ಪಾಲು ಯಾರಿಗೆ ಎಷ್ಟು, ಎಲ್ಲವೂ ದೊಡ್ಡಪ್ಪನ ಬಾಯಿಂದ ಬರಬೇಕು. ಮೈಸೂರು ಮಹಾರಾಜರಿಗಾದರೂ ದಿವಾನರೆಂಬುವರು ಇದ್ದರು, ಸಲಹೆ ಕೊಡುತ್ತಿದ್ದರು. ದೊಡ್ಡಪ್ಪನಿಗೆ ಅಂಥ ಅಡಚಣೆಯೂ ಇರಲಿಲ್ಲ.

ಕೋವಿಯನ್ನು ಅವನು ನೋಡಿಕೊಳ್ಳುತ್ತಿದ್ದ ರೀತಿಗೆ ದೊಡ್ಡಮ್ಮ ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು. ಹರಳೆಣ್ಣೆ ಹಚ್ಚಿ, ಬಟ್ಟೆಯಲ್ಲಿ ಒರೆಸಿ, ತೊಡೆಯ ಮೇಲೆ ಮಲಗಿಸಿಕೊಂಡು ಕೂರುತ್ತಿದ್ದ.

"ನನ್ ತಲೆ ಎಣ್ಣೆ ಕಂಡು ಯಾವ ಕಾಲ ಆಯ್ತೋ. ಅದಕ್ಕೆ ಮಾತ್ರ ದಿನಾ ಅಭ್ಯಂಜನ," ಎಂದು ದೊಡ್ಡಮ್ಮ ಅಂದರೆ, ದೊಡ್ಡಪ್ಪ ತಲೆಯೆತ್ತದೆ, "ನೀನು ತುಕ್ಕು ಹಿಡಿಯೋಳಲ್ಲ ಬುಡು," ಅನ್ನುತ್ತಿದ್ದ. ಇದು ಹೊಗಳಿಕೆಯೋ ಬೈಗುಳವೋ ದೊಡ್ಡಮ್ಮನಿಗೂ ತಿಳಿಯದೆ ಒಳಗೆ ಹೋಗಿಬಿಡುತ್ತಿದ್ದಳು.

ಪಾಲಿನ ವಿಷಯದಲ್ಲಿ ದೊಡ್ಡಪ್ಪ ಬಹಳ ಕಟ್ಟುನಿಟ್ಟು. ಬಲೆಗೊಂದು ಪಾಲು, ನಾಯಿಗೊಂದು ಪಾಲು, ತಮಟೆಗೊಂದು ಪಾಲು. ಪಾಲು ಹಾಕುವ ಹೊತ್ತಿನಲ್ಲಿ ಆ ದಾರಿಯಲ್ಲಿ ಯಾರು ಬಂದರೂ ಅವರಿಗೂ ಒಂದು ಪಾಲು. ಅವರು ಅದನ್ನು ಮುಟ್ಟುವ ತನಕ ಉಳಿದವರು ಮುಟ್ಟುವ ಹಾಗಿಲ್ಲ. ಒಮ್ಮೆ ಆ ಹೊತ್ತಿಗೆ ಸರಿಯಾಗಿ ಬಡವನಹಳ್ಳಿಯ ಕಡೆಯ ಅಯ್ಯನವರೊಬ್ಬರು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಯಾವುದೋ ಗೃಹಪ್ರವೇಶಕ್ಕೆಂದು ನಡೆದು ಬಂದರು. ದೊಡ್ಡಪ್ಪ ಮುತ್ತುಗದ ಎಲೆಯಲ್ಲಿ ಮಾಂಸ ಇಟ್ಟುಕೊಂಡು ಎದ್ದೇಬಿಟ್ಟ.

"ಅಯ್ನೋರೆ, ನಿಂತ್ಕಳಿ. ನಿಮ್ ಪಾಲು ಐತೆ."

ಅಯ್ಯನವರು ಎಲೆಯಲ್ಲಿದ್ದದ್ದನ್ನು ನೋಡಿದರು. ಮರುಗಳಿಗೆಯಲ್ಲಿ ಪಂಚೆ ಎತ್ತಿ ಕಟ್ಟಿ ಓಡತೊಡಗಿದರು. ಹಿಂದೆ ದೊಡ್ಡಪ್ಪ, ಅವನ ಹಿಂದೆ ಹಸಿದಿದ್ದ ಇಡೀ ಊರು! ಆ ವರ್ಷತೊಡಕಿನಲ್ಲಿ ಪ್ರಾಣಿಗಳಿಗಿಂತ ಹೆಚ್ಚು ಓಡಿದವರು ಅಯ್ಯನವರೇ. ಕೊನೆಗೆ ಕೆರೆ ಏರಿಯ ಮೇಲೆ ಉಸಿರು ಕಟ್ಟಿ ನಿಂತು, "ಯಜಮಾನ್ರೆ, ನಿಮ್ಮ ಧರ್ಮ ನೀವು ಉಳಿಸಿಕೊಳ್ಳಿ, ನನ್ನ ಧರ್ಮ ನನಗೆ ಬಿಡಿ," ಎಂದು ಕೈಮುಗಿದರು. ದೊಡ್ಡಪ್ಪ ಯೋಚಿಸಿ, ಆ ಪಾಲಿನ ಬದಲಿಗೆ ಒಂದು ಕುಂಬಳಕಾಯಿ, ಒಂದು ಅಚ್ಚು ಬೆಲ್ಲ ತರಿಸಿ ಮುಟ್ಟಿಸಿದ. ಆಮೇಲೆ ವರ್ಷತೊಡಕಿನ ದಿನ ಅಯ್ಯನವರು ಯಾರೂ ನಮ್ಮೂರ ದಾರಿ ಹಿಡಿಯಲಿಲ್ಲ.

ಇಷ್ಟೆಲ್ಲ ಕಟ್ಟಳೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕಂಡಿ. ಕೊರಕಲಿನ ಬಾಯಿಗೆ ಅಡ್ಡಲಾಗಿ ಬಲೆ ಕಟ್ಟುತ್ತಾರೆ. ಮೇಲಿನಿಂದ ತಮಟೆ ಬಡಿದು ಪ್ರಾಣಿಗಳನ್ನು ಕೆಳಗೆ ಅಟ್ಟುತ್ತಾರೆ. ಆದರೆ ಬಲೆಯನ್ನು ಪೂರ್ತಿ ಕಟ್ಟುವ ಹಾಗಿಲ್ಲ. ನಡುವೆ ಒಂದು ಮಾರು, ಅಂದರೆ ಒಬ್ಬ ಮನುಷ್ಯ ಎರಡೂ ಕೈ ಚಾಚಿದಷ್ಟು ಅಗಲ, ಖಾಲಿ ಬಿಡಬೇಕು. ಅದು ಬೆಟ್ಟದ ಪಾಲು. ಆ ಕಂಡಿಯಲ್ಲಿ ನುಸುಳಿ ಹೋದದ್ದನ್ನು ಯಾರೂ ಅಟ್ಟಿಸಿಕೊಂಡು ಹೋಗುವುದಿಲ್ಲ, ನಾಯಿ ಬಿಡುವುದಿಲ್ಲ. ಬಲೆಗೆ ಬಿದ್ದದ್ದರಲ್ಲೂ ಬಸುರಿ ಇದ್ದರೆ, ಹಾಲೂಡುವ ತಾಯಿ ಇದ್ದರೆ, ಯಜಮಾನ ನೋಡಿ ಹೇಳಬೇಕು, ಬಿಡಿಸಿ ಕಳಿಸಬೇಕು. ನಮ್ಮ ಮುತ್ತಾತನ ಕಾಲದಿಂದಲೂ ಹೀಗೇ.

ದೊಡ್ಡಪ್ಪನ ಕಾಲದಲ್ಲಿ ಆದದ್ದೇನೆಂದರೆ, ಈ ಕಂಡಿ ಬೆಳೆಯತೊಡಗಿತು. ಒಂದು ವರ್ಷ ಎರಡು ಮಾರಾಯಿತು. ಇನ್ನೊಂದು ವರ್ಷ ಜೋಡೆತ್ತಿನ ಗಾಡಿ ನುಗ್ಗುವಷ್ಟಾಯಿತು. ಆಮೇಲೆ ಮದುವೆಯ ದಿಬ್ಬಣವೊಂದು ವಾದ್ಯ ಸಮೇತ ಯಾರ ಮೈಗೂ ಬಲೆ ತಾಕದ ಹಾಗೆ ಹೋಗಬಹುದಾಗಿತ್ತು! ಪ್ರಾಣಿಗಳಿಗೂ ಬುದ್ಧಿ ಇರುವುದಿಲ್ಲವೇ? ಬಲೆಗೆ ಬೀಳಬೇಕಾದರೆ ಅವೇ ಹುಡುಕಿಕೊಂಡು ಹೋಗಿ ಬೀಳಬೇಕಾಗಿತ್ತು.

ಇದರಿಂದ ಎಲ್ಲರಿಗಿಂತ ಹೆಚ್ಚು ಕುದಿಯುತ್ತಿದ್ದವನು ದೊಡ್ಡಪ್ಪನ ದಾಯಾದಿ ತಮ್ಮ ಮೂಡ್ಲಪ್ಪ. ಬಲೆ ಅವನದು. ದೊಡ್ಡಪ್ಪನ ನಂತರ ಯಜಮಾನಿಕೆಯೂ ಅವನಿಗೇ ಬರಬೇಕಿತ್ತು, ಮತ್ತು ಅದು ಬೇಗ ಬಂದರೆ ಅವನ ಅಭ್ಯಂತರವೇನೂ ಇರಲಿಲ್ಲ.

"ಅಲ್ಲ ಕಣಣ್ಣ, ವರ್ಷವೆಲ್ಲ ಕುಂತು ನಾರು ಹೊಸೆದು ಬಲೆ ಹೆಣೆದೋನು ನಾನು. ನೀನು ನೋಡಿದ್ರೆ ಅದನ್ನ ಮಡಿಚಿಡು ಅಂತೀಯ."

"ಬೆಟ್ಟ ಬೆಳೀತಾ ಐತೆ ಕಣ್ಲಾ. ಅದರ ಪಾಲೂ ಬೆಳೀಬೇಕಲ್ಲ."

"ಬೆಟ್ಟ ಎಲ್ಲಿ ಬೆಳೀತೈತೆ? ಬಂಡೆ ಕಣಣ್ಣ ಅದು."

"ನಿಂಗೆ ಕಾಣಕಿಲ್ಲ," ಎಂದು ದೊಡ್ಡಪ್ಪ ಮಾತು ಮುಗಿಸುತ್ತಿದ್ದ.

ಇದು ಸಾಲದೆಂಬಂತೆ ದೊಡ್ಡಮ್ಮನನ್ನೂ ಬೇಟೆಗೆ ಕರೆದುಕೊಂಡು ಬರತೊಡಗಿದ. ಬೇಟೆಯ ಬಲೆಯ ಹತ್ತಿರ ಹೆಂಗಸರು ಸುಳಿಯುವ ವಾಡಿಕೆಯೇ ಇರಲಿಲ್ಲ. ಕೇಳಿದರೆ, ತನಗೆ ಎಲೆಯಡಿಕೆ ಮಡಿಚಿಕೊಡುವವರು ಬೇಕು ಅನ್ನುತ್ತಿದ್ದ. ಕೋವಿ ಹಿಡಿದ ಗಂಡ, ಎಲೆಯಡಿಕೆ ಚೀಲ ಹಿಡಿದ ಹೆಂಡತಿ ಪಕ್ಕದಲ್ಲೇ ಮೊಳಕೈ ತಾಕುವಷ್ಟು ಹತ್ತಿರ, ಹೀಗೆ ಬೆಟ್ಟ ಹತ್ತುತ್ತಿದ್ದರು. ಈ ವಯಸ್ಸಿನಲ್ಲಿ ಇವರಿಗೆ ಬಂದಿರುವ ಪ್ರೀತಿ ನೋಡಿ ಎಂದು ಊರಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

ಆಗ ನಾನು ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಒಂದು ದಿನ ದೊಡ್ಡಪ್ಪ ಕೋವಿಯ ಪರವಾನಗಿ ಮುಂದುವರಿಸಿಕೊಡಿ ಎಂದು ಕೇಳಲು ಕಚೇರಿಗೆ ಬಂದ. ಜೊತೆಗೆ ದೊಡ್ಡಮ್ಮ. ಅವಳು ಸಂಕೋಚದಿಂದ ಹೊರಗೇ ನಿಂತಳು, ದೊಡ್ಡಪ್ಪ ಒಬ್ಬನೇ ಒಳಗೆ ಬಂದು, ರುಮಾಲು ಸರಿಪಡಿಸಿಕೊಂಡು, ಗೋಡೆಯ ಮೊಳೆಗೆ ನೇತುಹಾಕಿದ್ದ ಅಮಲ್ದಾರರ ಕೋಟಿಗೆ ಸೊಂಟ ಬಗ್ಗಿಸಿ ಕೈಮುಗಿದ. ಮುಗಿದದ್ದಷ್ಟೇ ಅಲ್ಲ, ತನ್ನ ಮನೆತನ, ಕೋವಿ, ಯಜಮಾನಿಕೆ ಎಲ್ಲವನ್ನೂ ಆ ಕೋಟಿಗೆ ವಿವರವಾಗಿ ಅರಿಕೆ ಮಾಡಿಕೊಂಡ. ಅಮಲ್ದಾರರು ಈ ಕಡೆಯ ಮೇಜಿನ ಹಿಂದೆ ಕುಳಿತು ಬಾಯಿಬಿಟ್ಟು ನೋಡುತ್ತಿದ್ದರು.

ಸಿರಾದ ಕಡೆಯ ನಮ್ಮ ಜವಾನ ತಡೆಯಲಾರದೆ, "ಅರೆ ಯಜಮಾನ್, ಸಾಹೇಬ್ರು ಇಲ್ಲಿದಾರೆ. ಅದು ಖಾಲಿ ಕೋಟು," ಅಂದ.

ದೊಡ್ಡಪ್ಪ ದನಿ ಬಂದ ಕಡೆಗೆ ತಿರುಗಿ, "ಗೊತ್ತು ಬುಡಪ್ಪ. ನೀವೂ ದಿನಾ ಕೈ ಮುಗಿಯೋದು ಅದಕ್ಕೇ ತಾನೆ," ಅಂದ.

ಕಚೇರಿಯೆಲ್ಲ ಘೊಳ್ಳೆಂದು ನಕ್ಕಿತು. ಅಮಲ್ದಾರರೇ ಮೊದಲು ನಕ್ಕರು! ನಮ್ಮ ಗುಮಾಸ್ತರ ಗುಂಪಿನಲ್ಲಿ ದೊಡ್ಡಪ್ಪ ಒಂದು ದೊಡ್ಡ ಹೆಸರಾಗಿಬಿಟ್ಟ. ಸರ್ಕಾರದ ಮುಖದ ಮೇಲೆ ಹೊಡೆದ ಹಾಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು? ಆದರೆ ಪರವಾನಗಿಯ ಮಾತು ಅಂದು ಹಾಗೇ ಉಳಿಯಿತು. ವರ್ಷತೊಡಕಿನ ಬೇಟೆಯ ಬಗ್ಗೆ ಬೇರೆ ತಕರಾರು ಎದ್ದಿದೆ, ತಾವೇ ಊರಿಗೆ ಬಂದು ನೋಡಿ ತೀರ್ಮಾನಿಸುವುದಾಗಿ ಅಮಲ್ದಾರರು ಹೇಳಿದರು.

ತಕರಾರು ಶಿಕಾರಿಯ ಕಾಯಿದೆಯದು. ಬಲೆ ಒಡ್ಡಕೂಡದು, ಉರುಲು ಹಾಕಕೂಡದು, ಮರಿ ಹಾಕುವ ಕಾಲದಲ್ಲಿ ಬೇಟೆಯಾಡಕೂಡದು ಎಂದು ಸರ್ಕಾರದ ಅಪ್ಪಣೆ. ಯುಗಾದಿ ಬರುವುದು ಸರಿಯಾಗಿ ಆ ಕಾಲಕ್ಕೇ. ಯುಗಾದಿಯನ್ನು ಮುಂದಕ್ಕೆ ಹಾಕುವ ಅಧಿಕಾರ ಸರ್ಕಾರಕ್ಕೂ ಇರಲಿಲ್ಲ, ನಮ್ಮೂರಿಗೂ ಇರಲಿಲ್ಲ. ಹಬ್ಬದ ಹಿಂದಿನ ದಿನ ಅಮಲ್ದಾರರು ಕುದುರೆಯೇರಿ ಬಂದು ಚಾವಡಿಯಲ್ಲಿ ಕುಳಿತರು. ಅಪ್ಪಣೆಯನ್ನು ಓದಿ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಓದಿ ಮುಗಿಸುವಷ್ಟರಲ್ಲಿ ಊರಿನವರೆಲ್ಲ ನನ್ನನ್ನು ಬೇರೆ ಊರಿನವನನ್ನು ನೋಡಿದ ಹಾಗೆ ನೋಡತೊಡಗಿದ್ದರು.

"ಬಯಲಲ್ಲಿ ಜಿಂಕೆ ಹಿಂಡು ಬಂದು ನಮ್ ನೆಂಟರ ಕಡ್ಲೆಕಾಯಿ ಹೊಲ ಸಾಪು ಮಾಡ್ಕಂಡು ಹೋಯ್ತವೆ," ಎಂದ ಒಬ್ಬ ಮುದುಕ. "ಅವು ಸರ್ಕಾರದವಾದ್ರೆ ಸರ್ಕಾರವೇ ಮೇವು ಹಾಕ್ಲಿ ಸೋಮಿ."

"ದೊಡ್ಡ ದೊಡ್ಡೋರು ಡೇರೆ ಹೊಡ್ಕಂಡು ಬಂದು ರಾಶಿ ಹಾಕ್ಕಂಡು ಹೋದ್ರೆ ಅದು ಶಿಕಾರಿ," ಎಂದ ಮೂಡ್ಲಪ್ಪ. "ನಾವು ವರ್ಷಕ್ಕೊಂದ್ಸಲ ಒಂದು ಮೊಲ ಹಿಡಿದ್ರೆ ಕಳ್ತನ. ಇದೆಂಗೆ ನ್ಯಾಯ?"

ಅಮಲ್ದಾರರು ಸಿಟ್ಟಾಗಲಿಲ್ಲ. "ಅದು ನ್ಯಾಯವಲ್ಲ. ಆದರೆ ಒಂದು ಮಾತು ಹೇಳಿ. ನಿಮ್ಮ ಅಪ್ಪಂದಿರ ಕಾಲದಲ್ಲಿ ಈ ಬೆಟ್ಟದಲ್ಲಿ ಇದ್ದಷ್ಟು ಪ್ರಾಣಿ ಈಗ ಇದೆಯೇ?" ಎಂದು ಕೇಳಿದರು.

ನನಗೂ ಎರಡೂ ಕಡೆಯ ಮಾತು ಸರಿಯೆನ್ನಿಸುತ್ತಿತ್ತು, ಇವತ್ತಿಗೂ ಅನ್ನಿಸುತ್ತದೆ. ಹಸಿದ ಜಿಂಕೆಗೆ ಹೊಲದ ಎಲ್ಲೆ ತಿಳಿಯದು. ಹೊಲ ಕಳೆದುಕೊಂಡವನಿಗೆ ಜಿಂಕೆಯ ಅಂದ ಕಾಣದು. ದೂರದಲ್ಲಿ ಕುಳಿತು ಕಾಯಿದೆ ಬರೆದವರು ಇಬ್ಬರನ್ನೂ ನೋಡಿರಲಾರರು.

ದೊಡ್ಡಪ್ಪ ಆಗ ಬಾಯಿಬಿಟ್ಟ. "ನಮ್ ಬೆಟ್ಟದಲ್ಲಿ ಕಾನೂನು ಆಗ್ಲೇ ಐತೆ ಸೋಮಿ. ಕಂಡಿ."

"ಅಂದರೆ?"

ದೊಡ್ಡಪ್ಪ ವಿವರಿಸಿದ. ಮೂಡ್ಲಪ್ಪ ತಡೆದುಕೊಳ್ಳಲಿಲ್ಲ. "ಈಗ ಕಂಡಿ ಒಂದೇ ಐತೆ ಸೋಮಿ. ಬಲೆ ಇಲ್ಲ," ಅಂದ.

ಅಮಲ್ದಾರರಿಗೆ ಕುತೂಹಲವಾಯಿತು. ನಾಡಿದ್ದು ವರ್ಷತೊಡಕಿಗೆ ತಾವೂ ಬೆಟ್ಟಕ್ಕೆ ಬರುವುದಾಗಿ, ಕೋವಿ ಹಿಡಿಯಲು ಯಜಮಾನರು ಇನ್ನೂ ಸಮರ್ಥರೋ ಎಂಬುದನ್ನೂ ಅಲ್ಲೇ ನೋಡುವುದಾಗಿ ಹೇಳಿದರು. ಬೇಟೆ ಉಳಿಯಬೇಕೋ ಬೇಡವೋ, ಕೋವಿ ದೊಡ್ಡಪ್ಪನ ಬಳಿ ಇರಬೇಕೋ ಬೇಡವೋ, ಎರಡೂ ಒಂದೇ ದಿನ ತೀರ್ಮಾನವಾಗುವುದಿತ್ತು. ಅಂದು ಕೋವಿಗೆ ಎಣ್ಣೆ ಹಚ್ಚಿದವಳು ದೊಡ್ಡಮ್ಮ. ನನಗೆ ಆಶ್ಚರ್ಯವಾಯಿತು, ಆದರೆ ಕೇಳಲಿಲ್ಲ.

ವರ್ಷತೊಡಕಿನ ಬೆಳಗ್ಗೆ ಬಿಸಿಲು ಏರುವ ಮೊದಲೇ ಬಲೆ ಕಟ್ಟಿ ಆಗಿತ್ತು. ಅಮಲ್ದಾರರು ಬಲೆಯ ಉದ್ದಕ್ಕೂ ನಡೆದು ಒಂದು ಕಡೆ ನಿಂತರು.

"ಇಲ್ಲಿ ಬಲೆ ಮುಗಿಯಿತೇ?"

"ಇಲ್ಲಿ ಮುಗೀತದೆ, ಮತ್ತೆ ಅಗಾ, ಅಲ್ಲಿ ಶುರುವಾಯ್ತದೆ," ಎಂದ ಮೂಡ್ಲಪ್ಪ ದುಃಖದಿಂದ.

"ಯಜಮಾನರೇ, ಇದರಲ್ಲಿ ನಾನು, ನನ್ನ ಕುದುರೆ, ಜವಾನ, ಗುಮಾಸ್ತ ಎಲ್ಲರೂ ಒಂದೇ ಸಾಲಿನಲ್ಲಿ ಹೋಗಬಹುದಲ್ಲ."

"ಹೋಗಿ ಸೋಮಿ. ನಿಮ್ ಮೇಲೆ ನಾಯಿ ಬುಡಕಿಲ್ಲ," ಅಂದ ದೊಡ್ಡಪ್ಪ.

ಅಮಲ್ದಾರರು ನಗು ತಡೆದುಕೊಂಡು, ಎದುರಿನ ಬಂಡೆಯ ಕಡೆ ಕೈ ತೋರಿಸಿ, "ಅಲ್ಲಿ ಕೂತಿರುವುದನ್ನು ಹೊಡೆಯುತ್ತೀರೋ, ಬಿಡುತ್ತೀರೋ?" ಎಂದು ಕೇಳಿದರು.

ದೊಡ್ಡಪ್ಪ ಆ ಕಡೆ ತಿರುಗಿದ. ಅಷ್ಟರಲ್ಲಿ ದೊಡ್ಡಮ್ಮ, "ಅಯ್ಯೋ, ನವಿಲಿಗೆ ಯಾರಾದ್ರೂ ಗುಂಡು ಹೊಡೀತಾರಾ ಸೋಮಿ, ಸುಬ್ರಮಣ್ಯ ದೇವರ ವಾಹನ ಅದು," ಎಂದುಬಿಟ್ಟಳು.

"ಅಮ್ಮಾ, ನಿಮ್ಮನ್ನು ಕೇಳಲಿಲ್ಲ."

"ನವಿಲು. ಹೊಡೆಯಕಿಲ್ಲ," ಎಂದ ದೊಡ್ಡಪ್ಪ ಗಂಭೀರವಾಗಿ.

ಜನ ಮುಸಿಮುಸಿ ನಕ್ಕರು. ಅಷ್ಟರಲ್ಲಿ ಮೇಲೆ ತಮಟೆಯ ಸದ್ದು ಎದ್ದಿತು. ಕುರುಚಲು ಗಿಡಗಳು ಅಲುಗಿದವು, ಕಲ್ಲು ಉರುಳಿದವು, ಕೊರಕಲಿನಿಂದ ಒಂದು ಭಾರಿ ಹಂದಿ ನೇರವಾಗಿ ನಮ್ಮ ಕಡೆಗೇ ನುಗ್ಗಿಬಂತು. ಗಂಡು ಹಂದಿ. ಬೆನ್ನ ಮೇಲೆ ನಿಮಿರಿದ ಕೂದಲು, ಬಾಯಿಯ ಎರಡೂ ಕಡೆ ಬಾಗಿದ ಕೋರೆ. ಬಿಸಿಲಿಗೆ ಆ ಕೋರೆ ಹೊಳೆದದ್ದು ಈಗಲೂ ನನ್ನ ಕಣ್ಣ ಮುಂದಿದೆ.

"ಹೊಡಿ ಅಣ್ಣ, ಹೊಡಿ," ಎಂದ ಮೂಡ್ಲಪ್ಪ.

ದೊಡ್ಡಪ್ಪ ಕೋವಿ ಎತ್ತಿದ. ಸದ್ದು ಬರುವ ಕಡೆಗೆ ಗುರಿಯಿಟ್ಟ. ದೊಡ್ಡಮ್ಮ ಏನೋ ಹೇಳಲು ಬಾಯಿ ತೆರೆದಳು, ಭಯಕ್ಕೆ ದನಿ ಹೊರಡಲಿಲ್ಲ. ದೊಡ್ಡಪ್ಪ ಒಂದು ಕ್ಷಣ ಕಾದ. ಪಕ್ಕದಿಂದ ಯಾವ ಮಾತೂ ಬರಲಿಲ್ಲ. ಕೋವಿ ಕೆಳಗಿಳಿಸಿ, ಊರಿಗೆಲ್ಲ ಕೇಳುವ ಹಾಗೆ ಯಜಮಾನನ ಗತ್ತಿನಲ್ಲಿ, "ಹೆಣ್ಣು. ಬುಟ್ಬುಡಿ," ಎಂದ.

ಹಂದಿ ಕಂಡಿಯಲ್ಲಿ ನುಗ್ಗಿ ಹೋಯಿತು. ಆಮೇಲೆ ಎಂಥ ನಗು! ತಮಟೆಯವರು ಮೇಲಿನಿಂದ ಇಳಿದು ಬಂದು ಕಾರಣ ಕೇಳಿಕೊಂಡು ನಕ್ಕರು. ಅಷ್ಟು ದೊಡ್ಡ ಕೋರೆಯ ಹಂದಿಯನ್ನು ಹೆಣ್ಣು ಎಂದ ಬೇಟೆಗಾರ ಎಲ್ಲಾದರೂ ಉಂಟೇ? ನಾನೂ ನಕ್ಕೆ. ಅಮಲ್ದಾರರೂ ನಕ್ಕರು, ಆದರೆ ಅವರ ನಗು ನಡುವೆಯೇ ನಿಂತಿತು. ಅವರು ನೋಡುತ್ತಿದ್ದ ಕಡೆಗೆ ನಾನೂ ನೋಡಿದೆ. ದೊಡ್ಡಮ್ಮ ನಗುತ್ತಿರಲಿಲ್ಲ. ದೊಡ್ಡಪ್ಪನ ಮೊಳಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ನಿಂತಿದ್ದಳು. ದೊಡ್ಡಪ್ಪ ಹಂದಿ ಹೋಗಿ ಎಷ್ಟೋ ಹೊತ್ತಾದರೂ ಅದು ಬಂದ ಕಡೆಗೇ ಮುಖ ಮಾಡಿಕೊಂಡಿದ್ದ. ಅವನ ಕಣ್ಣ ಬೊಂಬೆಗಳ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿದ್ದನ್ನು ಬಿಸಿಲಿನಲ್ಲಿ ಅಷ್ಟು ಹತ್ತಿರದಿಂದ ನಾನು ಅಂದೇ ನೋಡಿದ್ದು. ಕೋಟಿಗೆ ಅವನು ಕೈಮುಗಿದದ್ದು ನೆನಪಾಯಿತು.

ಅಮಲ್ದಾರರು ಮುಂದೆ ಬಂದು, "ಯಾಕೆ ನಗುತ್ತೀರಿ? ಹೆಣ್ಣೇ ಅದು. ನಾನೂ ನೋಡಿದೆ," ಅಂದರು.

ನಗು ಅಡಗಿತು. ಎಲ್ಲರೂ ಮೂಡ್ಲಪ್ಪನ ಮುಖ ನೋಡಿದರು. ಅವನು ಕೋರೆಗಳನ್ನು ಎಲ್ಲರಿಗಿಂತ ಹತ್ತಿರದಿಂದ ಕಂಡಿದ್ದ. ಒಂದು ಮಾತು ಆಡಿದ್ದರೆ ಯಜಮಾನಿಕೆ ಅಲ್ಲೇ, ಆಗಲೇ ಅವನದಾಗುತ್ತಿತ್ತು. ಅವನು ದೊಡ್ಡಪ್ಪನ ಕಣ್ಣನ್ನು ನೋಡಿದ, ದೊಡ್ಡಮ್ಮನ ಕೈಯನ್ನು ನೋಡಿದ.

"ಹೌದು ಸೋಮಿ, ಹೆಣ್ಣೇ," ಅಂದ. "ಹಿಂದೆ ಮರಿನೂ ಇದ್ವು."

ದೊಡ್ಡಪ್ಪ ನಮ್ಮ ಕಡೆಗೆ ತಿರುಗಿ, "ಹೆಣ್ಣಾಗಿದ್ರೆ ನೀವ್ಯಾರೂ ಅಂಗೆ ನಗ್ತಿರ್ನಿಲ್ಲ," ಅಂದ. ದನಿಯಲ್ಲಿ ಕೋಪವಿರಲಿಲ್ಲ. ಅಮಲ್ದಾರರ ದನಿ ಬಂದ ಕಡೆಗೆ ಕೋವಿಯನ್ನು ಎರಡೂ ಕೈಯಲ್ಲಿ ನೀಡಿದ. "ಇದು ನಿಮ್ಮತ್ರ ಇರ್ಲಿ ಸೋಮಿ. ಕಂಡಿ ಮಾತ್ರ ನಮಗೆ ಬುಟ್ಕೊಡಿ."

ಬೆಟ್ಟ ಇಳಿಯುವಾಗ ದೊಡ್ಡಮ್ಮ ನನಗೆ ಹೇಳಿದಳು. ಕಣ್ಣಿಗೆ ಪೊರೆ ಬರತೊಡಗಿ ಬಹಳ ವರ್ಷವಾಗಿತ್ತು. ಬಲೆಗೆ ಬಿದ್ದದ್ದು ಬಸುರಿಯೋ ಅಲ್ಲವೋ ಅವನಿಗೆ ತಿಳಿಯುತ್ತಿರಲಿಲ್ಲ; ಹೇಳಿಕೊಂಡರೆ ಯಜಮಾನಿಕೆ ಹೋಗುತ್ತಿತ್ತು. "'ಕಾಣ್ದೇ ಇರೋನ ಕೈಲಿ ಬಾಣಂತಿ ಸಾಯಬಾರ್ದು ಕಣೆ, ಕಂಡಿ ಇನ್ನೊಂಚೂರು ಅಗಲ ಮಾಡ್ತೀನಿ' ಅನ್ನೋರು. ಕಣ್ಣು ಎಷ್ಟು ಮುಚ್ತೋ ಕಂಡಿ ಅಷ್ಟು ತೆಗೀತು ಕಣಪ್ಪ." ಇಷ್ಟು ಹೇಳಿ ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಕಲ್ಲು ಐತೆ ನೋಡಿ, ಎಂದು ಗಂಡನಿಗೆ ದಾರಿ ತೋರಿಸುತ್ತ ಮುಂದೆ ನಡೆದಳು.

ಅಮಲ್ದಾರರು ಕಾಯಿದೆಯನ್ನು ಮುರಿಯಲಿಲ್ಲ, ನಮ್ಮ ಕಟ್ಟಳೆಯನ್ನೂ ಮುರಿಯಲಿಲ್ಲ. ವರ್ಷತೊಡಕಿಗೆ ಹಿಡಿಯಲಿಕ್ಕಲ್ಲದೆ ಪೂಜೆಗೆಂದು ಮಾತ್ರ ಬಲೆ ಕಟ್ಟಬಹುದು, ತಮಟೆ ಬಡಿಯಬಹುದು. ಕೋವಿ, ನಾಯಿ ಬೇಡ. ಬಲೆಗೆ ಬಿದ್ದದ್ದನ್ನು ಬಿಡಿಸಿ ಕಳಿಸಬೇಕು. ಪಾಲು ಹಾಕಲು ಊರಿನದೇ ಕುರಿ. ಇದೇನು ಬೇಟೆಯೋ ಬೀಗರೂಟವೋ ಎಂದು ಊರು ಗೊಣಗಿತು. ಜಿಂಕೆಗಳ ಬಗ್ಗೆ ಮುದುಕ ಆಡಿದ ಮಾತನ್ನು ಮೇಲಕ್ಕೆ ತಿಳಿಸುವುದಾಗಿ ಹೇಳಿ ಅಮಲ್ದಾರರು ಕುದುರೆ ಹತ್ತಿದರು.

ಮುಂದಿನ ವರ್ಷತೊಡಕಿಗೆ ಮೂಡ್ಲಪ್ಪನೇ ಯಜಮಾನ. ಅಷ್ಟು ಹೊತ್ತಿಗೆ ದೊಡ್ಡಪ್ಪನಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆದರೂ ದೊಡ್ಡಮ್ಮನ ಕೈ ಹಿಡಿದು ಬಂದು ಹೊಂಗೆಮರದ ನೆರಳಿನಲ್ಲಿ ಕುಳಿತಿದ್ದ. ಬಲೆಯನ್ನು ಒಂದು ಕಡೆ ಕಟ್ಟಿ ಮುಗಿಸಿದ ಮೂಡ್ಲಪ್ಪ ಗೂಟ ಹಿಡಿದುಕೊಂಡು ಬಂದು ಅವನ ಮುಂದೆ ನಿಂತ.

"ಅಣ್ಣ, ಕಂಡಿ ಎಷ್ಟು ಬುಡ್ಲಿ?"

"ಯಜಮಾನ ನೀನು. ನನ್ನೇನ್ ಕೇಳ್ತೀಯ?"

"ನಂಗೆ ಅಳತೆ ಗೊತ್ತಿಲ್ಲ. ನೀನೇ ಬಂದು ತೋರ್ಸು."

ಮೂಡ್ಲಪ್ಪನಿಗೆ ಅಳತೆ ಗೊತ್ತಿಲ್ಲದೆ ಇರುತ್ತದೆಯೇ? ದೊಡ್ಡಪ್ಪ ಎದ್ದು ಬಂದು, ಬಲೆಯ ತುದಿಯ ಗೂಟವನ್ನು ತಡಕಿ ಹಿಡಿದು, ಇನ್ನೊಂದು ಕೈಯನ್ನು ಚಾಚಿದ. ಒಂದು ಮಾರು, ತಾತ ಮುತ್ತಾತರ ಅಳತೆ. ಚಾಚಿದ ಕೈ ಗಾಳಿಯಲ್ಲಿ ಇನ್ನೂ ಏನನ್ನೋ ಹುಡುಕುತ್ತಿತ್ತು. ದೊಡ್ಡಮ್ಮ ಹೋಗಿ ಆ ಕೈಯನ್ನು ಹಿಡಿದುಕೊಂಡಳು. ಹಿಡಿದು, ಎಲ್ಲ ಗಂಡಸರ ಎದುರಿಗೆ, ತನ್ನ ಇನ್ನೊಂದು ಕೈಯನ್ನೂ ಆದಷ್ಟು ದೂರ ಚಾಚಿ ನಿಂತಳು. ಮೂಡ್ಲಪ್ಪ ಬಗ್ಗಿ, ದೊಡ್ಡಮ್ಮನ ಬೆರಳ ತುದಿಯ ನೇರಕ್ಕೆ ಗೂಟ ಹೊಡೆದ. ನನಗೆ ಅಳು ಬಂತು.

ಅವರಿಬ್ಬರೂ ಈಗಿಲ್ಲ. ನಮ್ಮೂರಿನಲ್ಲಿ ಕಂಡಿ ಅಳೆಯಲು ಇಂದಿಗೂ ಒಬ್ಬ ಗಂಡ, ಒಬ್ಬ ಹೆಂಡತಿ ಕೈ ಹಿಡಿದು ನಿಲ್ಲಬೇಕು.